ಕೆಎಂಎಲ್ ಫೈಲ್ ತೊಂದರೆ: ಕೋಲಾರದ ನಕ್ಷೆ ಗ್ರೂಪಲ್ಲಿ ಮೇಷ್ಟ್ರಿಗೆ ಕೇಳಿದ್ದು

ಅಡ್ಮಿನ್: ಜಿಐಎಸ್ (ಕಂಪ್ಯೂಟರ್ ನಕ್ಷೆ) ಮೇಷ್ಟ್ರು ಇವತ್ತು ಸಂಜೆ ಸಿಗ್ತಾರೆ. ಕೆಎಂಎಲ್, ಕೆಎಂಜೆಡ್ ಅಂದ್ರೆ ನಕ್ಷೆ ಮೇಲಿನ ಜಾಗ, ಗೆರೆ ಇಡೋ ಫೈಲ್‌ಗಳ ಬಗ್ಗೆ ಮಾತ್ರ ಕೇಳಿ, ಹೂವಿನ ಫೋಟೋ ಬೇಡ.

ಬಂಗಾರಪೇಟೆ ಡ್ರೋನ್: ಸಾರ್ ಗೂಗಲ್ ಅರ್ತ್ ಪ್ರೋನಲ್ಲಿ ಒಂದು ಟೂರ್ ಮಾಡಿದ್ದೆ, ಊರೆಲ್ಲಾ ಸುತ್ತಿಸ್ಕೊಂಡು ಬರುತ್ತೆ, ಅದೇ ಫೈಲ್ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ಗೆ ಹಾಕಿದ್ರೆ ಬರೀ ಚುಕ್ಕೆ ಬರ್ತವೆ. ಫೈಲ್ ಕೆಟ್ಟೋಗಿದ್ಯಾ?

ಮೇಷ್ಟ್ರು: ಕೆಟ್ಟಿಲ್ಲ. ಟೂರ್ ಅನ್ನೋದು ಗೂಗಲ್‌ನೋರು ತಾವೇ ಸೇರಿಸ್ಕೊಂಡಿರೋದು, ಫೈಲ್ ಒಳಗೆ ಜಿಎಕ್ಸ್ ಅಂತ ಶುರುವಾಗೋ ಟ್ಯಾಗ್‌ಗಳು. 2008ರಲ್ಲಿ ಓಜಿಸಿ (ನಕ್ಷೆ ಡೇಟಾಗೆ ನಿಯಮ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ) ಸ್ಟ್ಯಾಂಡರ್ಡ್ ಆದ ಕೆಎಂಎಲ್ 2.2ರಲ್ಲಿ ಅವಿಲ್ಲ. ಬೇರೆ ಸಾಫ್ಟ್‌ವೇರ್ ಅದನ್ನ ಸುಮ್ನೆ ಬಿಟ್ಟು ಮುಂದಕ್ಕೆ ಹೋಗುತ್ತೆ. ಟೂರ್ ಬೇಕಾ, ಅರ್ತ್ ಪ್ರೋನಲ್ಲೇ ನೋಡಿ.

ಶಿಡ್ಲಘಟ್ಟ ರೇಷ್ಮೆ: ಸಾರ್ ಫೋನಿನ ಗೂಗಲ್ ಮ್ಯಾಪ್ಸಲ್ಲಿ ಕೆಎಂಎಲ್ ಓಪನ್ ಆಗ್ತಿಲ್ಲ

ಮೇಷ್ಟ್ರು: ಆ ಆಪ್ ನೇರವಾಗಿ ತಗೊಳಲ್ಲ. ಕಂಪ್ಯೂಟರಲ್ಲಿ ಗೂಗಲ್ ಮೈ ಮ್ಯಾಪ್ಸ್‌ಗೆ ಇಂಪೋರ್ಟ್ ಮಾಡಿ, ಫೈಲ್ 5 ಎಂಬಿ ದಾಟಬಾರದು, ಒಂದು ಲೇಯರ್‌ಗೆ 2000 ಐಟಂ. ಇಲ್ಲಾ ಫೋನಿಗೆ ಗೂಗಲ್ ಅರ್ತ್ ಹಾಕ್ಕೊಳಿ.

ಕೆರೆ ಕಾವಲು: ಮೇಷ್ಟ್ರೇ ನಮ್ದು ವಿಚಿತ್ರ ಸಮಸ್ಯೆ. ಕೆ.ಸಿ. ವ್ಯಾಲಿ ನೀರು ಬರೋ ಕೆರೆಗಳ ದಂಡೆ ಅಳೆಯೋಣ ಅಂತ ಹುಡುಗ್ರು ಜಿಪಿಎಸ್ ಹಿಡ್ಕೊಂಡು ಸುತ್ತಿ ಪುಸ್ತಕದಲ್ಲಿ ಬರ್ಕೊಂಡು ಬಂದ್ರು, ಎಕ್ಸೆಲ್ ಮಾಡಿ ಕ್ಯೂಜಿಐಎಸ್ಸಲ್ಲಿ ಕೆಎಂಎಲ್ ಮಾಡಿದ್ವಿ. ಮಾಲೂರು ಕಡೆ ಕೆರೆಗಳು ಕರೆಕ್ಟಾಗಿವೆ, ಕೋಲಾರದ ಕೆರೆಗಳೆಲ್ಲಾ ಅರಬ್ಬೀ ಸಮುದ್ರದಲ್ಲಿವೆ. ಮಿಷಿನ್ನೂ ಅದೇ, ಹುಡುಗ್ರೂ ಅವರೇ.

ಸ್ಮಾರ್ಟ್ ಸರ್ವೆ: ಲ್ಯಾಟ್ ಲಾಂಗ್ ಉಲ್ಟಾ ಹಾಕಿರ್ತೀರ ಅಣ್ಣ, ಎಲ್ರೂ ಮಾಡೋ ತಪ್ಪು ಅದು

ಮೇಷ್ಟ್ರು: ಅಲ್ಲ. ಕೆಎಂಎಲ್ಲಲ್ಲಿ ರೇಖಾಂಶ ಮೊದ್ಲು ಬರಬೇಕು ಅನ್ನೋದು ನಿಜ, ಆದ್ರೆ 78.13, 13.13 ಉಲ್ಟಾ ಆದ್ರೆ ಕೋಲಾರ ನಾರ್ವೆಯ ಸ್ವಾಲ್ಬಾರ್ಡ್ ಹತ್ರ ಹೋಗುತ್ತೆ, ಅರಬ್ಬೀ ಸಮುದ್ರಕ್ಕಲ್ಲ. ಕೆರೆ ಕಾವಲು, ಎರಡೂ ಕಡೆಯಿಂದ ಒಂದೊಂದು ಈಸ್ಟಿಂಗ್ ನಂಬರ್ (ಪೂರ್ವ-ಪಶ್ಚಿಮ ಅಳತೆ, ಮೀಟರಲ್ಲಿ) ಹಾಕಿ.

ಕೆರೆ ಕಾವಲು: ಮಾಲೂರು 818450. ಕೋಲಾರ 189300.

ಮೇಷ್ಟ್ರು: ಅದೇ ಅನ್ಕೊಂಡೆ. ಯುಟಿಎಂ ಲೆಕ್ಕದಲ್ಲಿ ಭೂಮಿನ 6 ಡಿಗ್ರಿ ಅಗಲದ ಜೋನ್‌ಗಳಾಗಿ ಹಂಚಿರ್ತಾರೆ, 78 ಡಿಗ್ರಿ ಪೂರ್ವ ರೇಖಾಂಶ ಒಂದು ಗಡಿ, ಅದು ನಮ್ಮ ಜಿಲ್ಲೆ ಮಧ್ಯದಲ್ಲೇ ಹಾದು ಹೋಗುತ್ತೆ. ಮಾಲೂರು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ 43ನೇ ಜೋನ್, ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಆ ಕಡೆ ಚಿಂತಾಮಣಿ, ಎಲ್ಲಾ 44. ಗಡಿ ದಾಟಿದ ತಕ್ಷಣ ಜಿಪಿಎಸ್ ತಾನೇ ಜೋನ್ ಬದಲಾಯಿಸ್ಕೊಳುತ್ತೆ, ಮೂಲೆಯಲ್ಲಿ ಸಣ್ಣದಾಗಿ 44 ಅಂತ ತೋರಿಸಿರುತ್ತೆ, ನಿಮ್ಮ ಹುಡುಗ್ರು ಅದನ್ನ ಬರ್ಕೊಂಡಿಲ್ಲ. ನೀವು ಎಲ್ಲದಕ್ಕೂ 43 ಕೊಟ್ರಿ, ಕೋಲಾರ ಪೂರ್ತಿ 6 ಡಿಗ್ರಿ ಪಶ್ಚಿಮಕ್ಕೆ ಹೋಯ್ತು, ಅಂದ್ರೆ ಸುಮಾರು 650 ಕಿ.ಮೀ. ಮತ್ತೆ ಅಳೆಯೋದು ಬೇಕಾಗಿಲ್ಲ, ನಂಬರ್ರೇ ಹೇಳುತ್ತೆ: ನಮ್ಮ ಕಡೆ ಈಸ್ಟಿಂಗ್ 8 ಲಕ್ಷದ ಆಸುಪಾಸಲ್ಲಿದ್ರೆ 43, 2 ಲಕ್ಷದ ಆಸುಪಾಸಲ್ಲಿದ್ರೆ 44. ಎಕ್ಸೆಲ್ಲಲ್ಲಿ ಎರಡು ಶೀಟ್ ಮಾಡಿ, ಮೊದಲ್ನೇದಕ್ಕೆ ಇಪಿಎಸ್‌ಜಿ ಕೋಡ್ (ಅಳತೆ ಪದ್ಧತಿಯ ನಂಬರ್) 32643, ಎರಡನೇದಕ್ಕೆ 32644 ಕೊಡಿ, ಎರಡನ್ನೂ 4326ಕ್ಕೆ, ಅಂದ್ರೆ ಡಬ್ಲ್ಯುಜಿಎಸ್ 84 ಅನ್ನೋ ಅಕ್ಷಾಂಶ-ರೇಖಾಂಶ ಪದ್ಧತಿಗೆ ಬದಲಾಯಿಸಿ ಆಮೇಲೆ ಒಂದೇ ಕೆಎಂಎಲ್ ಮಾಡಿ. ಕೆಎಂಎಲ್‌ಗೆ ಡಬ್ಲ್ಯುಜಿಎಸ್ 84 ಬಿಟ್ಟು ಬೇರೆ ಗೊತ್ತಿಲ್ಲ, ಯಾವ ಜೋನಿಂದ ಬಂತು ಅನ್ನೋದೂ ಅದರೊಳಗೆ ಉಳಿಯಲ್ಲ. ಅದಕ್ಕೇ ಮೂಲ ಎಕ್ಸೆಲ್ ಅಳಿಸ್ಬೇಡಿ. ಕೆರೆ ಯಾವುದಾದ್ರೂ ಗಡಿ ಮೇಲೇ ಕೂತಿದ್ರೆ ನನಗೆ ಕಳ್ಸಿ, ನೋಡ್ಬೇಕು.

ಕೆರೆ ಕಾವಲು: ಅಬ್ಬಾ! ಥ್ಯಾಂಕ್ಸ್ ಮೇಷ್ಟ್ರೇ 🙏

ಗೌರಿಬಿದನೂರು ಮಾವು: ಕೆಎಂಜೆಡ್ ಒಳಗೆ ಹಾಕಿರೋ ಫೋಟೋಗಳು ಕಾಣ್ತಿಲ್ಲ ಸಾರ್

ಶ್ರೀನಿವಾಸಪುರ 563: *ಫಾರ್ವರ್ಡ್* ಕೆಎಂಎಲ್ ಓಪನ್ ಆಗದಿದ್ದರೆ ಹೆಸರಿನ ಕೊನೆಗೆ ಕೆಎಂಜೆಡ್ ಎಂದು ಬದಲಾಯಿಸಿ ಈ ಲಿಂಕಿನ ಫ್ರೀ ಕನ್ವರ್ಟರ್‌ಗೆ ಹಾಕಿ, 100% ವರ್ಕ್ ಆಗುತ್ತದೆ, ಎಲ್ಲ ಗ್ರೂಪಿಗೂ ಕಳಿಸಿ

ಮೇಷ್ಟ್ರು: ಯಾರ್ರೀ ಇದನ್ನ ಬರೆಯೋರು? ಕೆಎಂಜೆಡ್ ಅಂದ್ರೆ ಜಿಪ್ ಮಾಡಿದ ಕೆಎಂಎಲ್, ಜೊತೆಗೆ ಐಕಾನ್, ಫೋಟೋ. ಹೆಸರು ತಿದ್ದಿದ್ರೆ ಜಿಪ್ ಆಗುತ್ತಾ? ಇನ್ನು ಆ ಲಿಂಕು. ಊರೋರ ಜಮೀನಿನ ಗಡಿನೆಲ್ಲಾ ಯಾರದೋ ವೆಬ್‌ಸೈಟ್‌ಗೆ ಕೊಡೋದು ಬೇಡ. ಅಡ್ಮಿನ್, ಡಿಲೀಟ್ ಮಾಡಿ.

ಶ್ರೀನಿವಾಸಪುರ 563: ಒಳ್ಳೇದಕ್ಕೆ ಹಾಕಿದ್ದು ಸಾರ್, ಅಷ್ಟೊಂದು ರೇಗೋದು ಬೇಡ

ಚಿಂತಾಮಣಿ ಟೊಮೆಟೊ: ಲೈನ್ ಎಳೆದಿದೀನಿ, ಅರ್ತಲ್ಲಿ ಕಾಣೋದೇ ಇಲ್ಲ

ಮೇಷ್ಟ್ರು: ಆಲ್ಟಿಟ್ಯೂಡ್ (ಎತ್ತರ) ನೋಡಿ. ಅಬ್ಸಲ್ಯೂಟ್, ಸೊನ್ನೆ ಅಂತಿದ್ರೆ ಲೈನ್ ಸಮುದ್ರಮಟ್ಟದಲ್ಲಿದೆ, ನಿಮ್ಮ ಚಿಂತಾಮಣಿ ಅದಕ್ಕಿಂತ 800 ಮೀಟರ್‌ಗೂ ಮೇಲಿದೆ. ಕ್ಲ್ಯಾಂಪ್ ಟು ಗ್ರೌಂಡ್ (ನೆಲಕ್ಕೆ ಅಂಟಿಸೋದು) ಮಾಡಿ.

ಸ್ಮಾರ್ಟ್ ಸರ್ವೆ: ಇಷ್ಟೆಲ್ಲಾ ಯಾಕೆ, ಫೋನಲ್ಲಿ ಜಮೀನು ಸುತ್ತಿ ಕೆಎಂಎಲ್ ಮಾಡಿ ಪಕ್ಕದೋನಿಗೆ ತೋರ್ಸಿದ್ರೆ ಆಯ್ತು, ಒತ್ತುವರಿ ಬಿಡ್ತಾನೆ

ಹದ್ದುಬಸ್ತು: ಬಿಡ್ತಾನೆ, ಹೌದು! ಗುಂಟೆ ಅಂದ್ರೆ 33 ಅಡಿ ಚೌಕ, ಫೋನ್ ಜಿಪಿಎಸ್ ಬಯಲಲ್ಲೇ 15 ಅಡಿ ಆಚೆ ಈಚೆ ಆಗುತ್ತೆ. ತಾಲ್ಲೂಕಾಫೀಸಿಗೆ ಅರ್ಜಿ ಹಾಕಿ ಅಳೆಸಿ.

ಸ್ಮಾರ್ಟ್ ಸರ್ವೆ: ಅರ್ಜಿ ಹಾಕಿ ಮುದುಕ್ರಾಗೋಣ. ದಿಶಾಂಕ್ ಆಪ್ ಇದ್ಯಲ್ಲ

ಹದ್ದುಬಸ್ತು: ದಿಶಾಂಕ್ ಸರ್ವೆ ನಂಬರ್ ತೋರ್ಸುತ್ತೆ, ಕಲ್ಲು ನೆಡಲ್ಲ. ಜನಕ್ಕೆ ಜಗಳ ಹಚ್ಬೇಡ ಗುರು

ಸ್ಮಾರ್ಟ್ ಸರ್ವೆ: ನಿಮ್ಗೆ ಟೆಕ್ನಾಲಜಿ ಅಂದ್ರೆ ಹೊಟ್ಟೆಉರಿ ಅಷ್ಟೇ

ಬಂಗಾರಪೇಟೆ ಡ್ರೋನ್: ಇಬ್ರೂ ಪರ್ಸನಲ್ಲಾಗಿ ಮಾತಾಡ್ಕೊಳ್ರಪ್ಪ. ಸಾರ್, ಕೆಎಂಎಲ್ಲಲ್ಲಿ ಕೆಂಪು ಹಾಕಿದ್ರೆ ನೀಲಿ ಬರ್ತಿದೆ

ಮೇಷ್ಟ್ರು: ವೆಬ್ಬಲ್ಲಿ ಕೆಂಪು-ಹಸಿರು-ನೀಲಿ, ಕೆಎಂಎಲ್ಲಲ್ಲಿ ನೀಲಿ-ಹಸಿರು-ಕೆಂಪು, ಅದಕ್ಕೂ ಮುಂಚೆ ಪಾರದರ್ಶಕತೆಯ ಎರಡಂಕಿ. ತಿರುಗಿಸಿ ಬರೀರಿ.

ಗೌರಿಬಿದನೂರು ಮಾವು: ನನ್ ಫೋಟೋ ವಿಷಯ ಸಾರ್...

ಮುಳಬಾಗಿಲು ದೋಸೆ: ಸಾರ್ ಗೂಗಲ್ ಮ್ಯಾಪ್ಸಲ್ಲಿ ಕೆಎಂಎಲ್ ಓಪನ್ ಆಗ್ತಿಲ್ಲ ಏನ್ ಮಾಡ್ಬೇಕು

ಮೇಷ್ಟ್ರು: ಮೇಲೆ ಬರೆದಿದೀನಿ. ಓದಿ.

ಮುಳಬಾಗಿಲು ದೋಸೆ: ಎಲ್ಲಿ ಸಾರ್? ಹುಡುಕ್ದೆ, ಬರೀ ಜಗಳ ಇದೆ