ಮನೆಯಲ್ಲಿಯೇ ಬ್ರಾ ಅಳತೆ ತೆಗೆದುಕೊಳ್ಳುವ ಕ್ರಮ: ಸದಸ್ಯೆಯರ ಪ್ರಶ್ನೆಗಳು, ಅಳತೆಗಾರ್ತಿಯ ಉತ್ತರಗಳು

ಪ್ರಶ್ನೆ (ಶಿರಸಿ ಸಮೀಪದ ಸದಸ್ಯೆ):
ಮೇಡಂ, ನಮಸ್ಕಾರ. ನನ್ನ ರವಿಕೆಯ ಅಳತೆ 36 ಆಗಿರುವುದರಿಂದ ಅಂಗಡಿಯಲ್ಲಿಯೂ 36 ಎಂದೇ ಹೇಳಿ ಬ್ರಾ ತರುತ್ತೇನೆ. ಕೈ ಮೇಲೆತ್ತಿದರೆ ಬ್ರಾದ ಕೆಳ ಅಂಚು ಮೇಲಕ್ಕೆ ಸರಿಯುತ್ತದೆ, ಬೆನ್ನಿನ ಪಟ್ಟಿ ಕುತ್ತಿಗೆಯ ಕಡೆಗೆ ಏರಿ ಕುಳಿತಿರುತ್ತದೆ. ಇದನ್ನು ತಡೆಯಲೆಂದು ಹೆಗಲ ಪಟ್ಟಿಯನ್ನು ಬಿಗಿ ಮಾಡಿದರೆ ಸಂಜೆಯ ಹೊತ್ತಿಗೆ ಹೆಗಲ ಮೇಲೆ ಕೆಂಪು ಗೆರೆ ಮೂಡಿ ಉರಿಯುತ್ತದೆ. ನಮ್ಮೂರಿನ ಅಂಗಡಿಗಳಲ್ಲಿ ಅಳತೆ ನೋಡುವವರಿಲ್ಲ, ಕೇಳಲು ಸಂಕೋಚವೂ ಆಗುತ್ತದೆ. ಮನೆಯಲ್ಲಿಯೇ ಸರಿಯಾಗಿ ಅಳೆದುಕೊಳ್ಳುವುದು ಹೇಗೆಂದು ದಯವಿಟ್ಟು ತಿಳಿಸಿ.

ಉತ್ತರ (ಹುಬ್ಬಳ್ಳಿಯ ಒಳಉಡುಪಿನ ಮಳಿಗೆಯೊಂದರಲ್ಲಿ ಅಳತೆ ನೋಡುವವರು):
ನಮಸ್ಕಾರ. ನೀವು ಹೇಳಿದ ತೊಂದರೆಗಳೆಲ್ಲ ಒಂದೇ ಕಾರಣದಿಂದ ಬಂದಿವೆ: ನಿಮ್ಮ ಬ್ರಾದ ಪಟ್ಟಿ ನಿಮ್ಮ ಮೈಗೆ ಸಡಿಲವಾಗಿದೆ. ರವಿಕೆಯ 36 ಎಂದರೆ ದರ್ಜಿಯವರು ಎದೆಯ ತುಂಬಿದ ಭಾಗದ ಸುತ್ತ ಟೇಪು ಹಿಡಿದು ಬರೆದುಕೊಂಡ ಅಳತೆ. ಬ್ರಾದ ಮೇಲಿನ 36 ಎಂದರೆ ಸ್ತನಗಳ ಕೆಳಗೆ, ಪಕ್ಕೆಲುಬಿನ ಸುತ್ತ ಕುಳಿತುಕೊಳ್ಳುವ ಪಟ್ಟಿಯ ಗುರುತು. ಇವೆರಡೂ ಬೇರೆಬೇರೆ ಜಾಗದ ಅಳತೆಗಳು. ನಮ್ಮ ಕಡೆ ಹೆಚ್ಚಿನ ಹೆಣ್ಣುಮಕ್ಕಳು ರವಿಕೆಯ ಸಂಖ್ಯೆಯನ್ನೇ ಹೇಳಿ ಬ್ರಾ ಕೊಳ್ಳುತ್ತಾರೆ; ವರ್ಷಗಟ್ಟಲೆ ಹೆಗಲು ನೋವನ್ನು ಸಹಿಸಿಕೊಂಡು, ತಮ್ಮ ಮೈಯೇ ಸರಿಯಿಲ್ಲವೆಂದು ಭಾವಿಸಿದವರನ್ನು ನಾನು ದಿನವೂ ನೋಡುತ್ತೇನೆ, ಹಾಗೆ ನೋಡುವಾಗಲೆಲ್ಲ ಮನಸ್ಸಿಗೆ ಬೇಸರವಾಗುತ್ತದೆ. ಸ್ತನಗಳ ಭಾರವನ್ನು ಮುಖ್ಯವಾಗಿ ಹೊರಬೇಕಾದದ್ದು ಕೆಳಗಿನ ಪಟ್ಟಿಯೇ ಹೊರತು ಹೆಗಲ ಪಟ್ಟಿಯಲ್ಲ. ಪಟ್ಟಿ ಸಡಿಲವಿದ್ದಾಗ ಮುಂದಿನ ಭಾರ ಕೆಳಕ್ಕೆ ಜಗ್ಗಿ ಹಿಂಬದಿಯನ್ನು ಮೇಲಕ್ಕೆ ಎಳೆಯುತ್ತದೆ, ಉಳಿದ ಭಾರವೆಲ್ಲ ಹೆಗಲಿನ ಮೇಲೆ ಬೀಳುತ್ತದೆ.

ಅಳೆಯಲು ದರ್ಜಿಯವರು ಬಳಸುವ ಟೇಪು ಸಾಕು. ಟೇಪು ಹಳೆಯದಾಗಿದ್ದರೆ ಎಳೆದು ಎಳೆದು ಉದ್ದವಾಗಿರುವ ಸಾಧ್ಯತೆಯಿದೆ. ಆದ್ದರಿಂದ ಮಕ್ಕಳ ಶಾಲೆಯ 30 ಸೆಂಟಿಮೀಟರ್ ಸ್ಕೇಲಿನ ಪಕ್ಕದಲ್ಲಿಟ್ಟು, ಗೆರೆಗೆ ಗೆರೆ ಹೊಂದುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಟೇಪು ಇಲ್ಲದಿದ್ದರೆ ಲಂಗಕ್ಕೆ ಹಾಕುವ ಹತ್ತಿಯ ಲಾಡಿಯನ್ನು ಸುತ್ತಿ, ತುದಿ ಕೂಡುವಲ್ಲಿ ಪೆನ್ನಿನಿಂದ ಗುರುತು ಮಾಡಿ, ಆಮೇಲೆ ಅದನ್ನು ಸ್ಕೇಲಿನ ಮೇಲೆ ಚಾಚಿ ಅಳೆಯಬಹುದು. ಉಣ್ಣೆಯ ದಾರ ಮತ್ತು ಎಲಾಸ್ಟಿಕ್ ಬೇಡ, ಅವು ಹಿಗ್ಗುತ್ತವೆ.

ಬರಿಮೈಯಲ್ಲಿ ಅಥವಾ ಪ್ಯಾಡ್ ಇಲ್ಲದ ತೆಳುವಾದ ಬ್ರಾ ಧರಿಸಿ ಕನ್ನಡಿಯ ಮುಂದೆ ನಿಂತುಕೊಳ್ಳಿ. ಮೊದಲ ಅಳತೆ ಸ್ತನಗಳ ಬುಡದ ಕೆಳಗಿನದು. ಟೇಪನ್ನು ಹಿಂದಿನಿಂದ ಮುಂದಕ್ಕೆ ತಂದು, ಬೆನ್ನಿನಲ್ಲಿ ಅದು ಕೆಳಕ್ಕೆ ಜೋತುಬಿದ್ದಿಲ್ಲವೆಂದು ಪಕ್ಕಕ್ಕೆ ತಿರುಗಿ ಕನ್ನಡಿಯಲ್ಲಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಒಬ್ಬರೇ ಅಳೆದುಕೊಳ್ಳುವಾಗ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಉಸಿರನ್ನು ಪೂರ್ತಿ ಹೊರಬಿಟ್ಟು, ಮೊಣಕೈಗಳನ್ನು ಕೆಳಗಿಳಿಸಿ, ಟೇಪು ಮೈಗೆ ಅಂಟಿದಂತಿದ್ದರೂ ಚರ್ಮವನ್ನು ಒತ್ತದಂತೆ ಹಿಡಿದು ಸಂಖ್ಯೆಯನ್ನು ಓದಿ. ಎರಡನೆಯ ಅಳತೆ ಎದೆಯ ಅತ್ಯಂತ ತುಂಬಿದ ಭಾಗದ್ದು. ಇಲ್ಲಿ ಟೇಪು ಬಿಗಿಯಾಗಿರಬಾರದು, ಸ್ತನಗಳನ್ನು ಸ್ವಲ್ಪವೂ ಅದುಮಬಾರದು, ಉಸಿರು ಸಹಜವಾಗಿರಲಿ. ಬಳಿಕ ಸೊಂಟದಿಂದ ಮುಂದಕ್ಕೆ ಬಾಗಿ ಅದೇ ಭಾಗವನ್ನು ಇನ್ನೊಮ್ಮೆ ಅಳೆದು, ನಿಂತಾಗಿನ ಮತ್ತು ಬಾಗಿದಾಗಿನ ಅಳತೆಗಳ ನಡುವಿನ ಸಂಖ್ಯೆಯನ್ನು ಇಟ್ಟುಕೊಳ್ಳಿ. ಮುಟ್ಟಿನ ಮೊದಲಿನ ದಿನಗಳಲ್ಲಿ ಅನೇಕರಿಗೆ ಎದೆ ಬಿಗಿದು ಊದಿಕೊಳ್ಳುವುದರಿಂದ, ಮುಟ್ಟು ಕಳೆದ ಮೇಲೆ ಅಳೆಯುವುದು ಒಳ್ಳೆಯದು.

ಮರುಪ್ರಶ್ನೆ (ಅದೇ ಸದಸ್ಯೆ):
ನೀವು ಹೇಳಿದಂತೆಯೇ ಅಳೆದೆ, ಮೇಡಂ. ಕೆಳಗಿನ ಸುತ್ತಳತೆ 30 ಇಂಚು, ಮೇಲಿನದು 36 ಇಂಚು ಬಂದಿದೆ. ಒಂದು ಕಂಪನಿಯ ಅಳತೆಯ ಪಟ್ಟಿಯಲ್ಲಿ ನೋಡಿದರೆ 34ಬಿ ಎಂದಿದೆ. ಮೊಬೈಲಿನಲ್ಲಿ ಸಿಕ್ಕ ಇನ್ನೊಂದು ಲೆಕ್ಕದಲ್ಲಿ 30ಇ ಎಂದು ಬಂತು. ಒಂದೇ ಮೈಗೆ ಎರಡು ಉತ್ತರ ಹೇಗೆ ಬರಲು ಸಾಧ್ಯ?

ಉತ್ತರ:
ಎರಡೂ ಕಡೆ ಲೆಕ್ಕ ಹಾಕುವ ರೀತಿ ಬೇರೆಯಾಗಿದೆ. ಮೊದಲ ರೀತಿಯಲ್ಲಿ ಕೆಳಗಿನ ಸುತ್ತಳತೆ ಸಮಸಂಖ್ಯೆಯಾದರೆ 4, ಬೆಸಸಂಖ್ಯೆಯಾದರೆ 5 ಕೂಡಿಸುತ್ತಾರೆ. ನಿಮ್ಮ 30ಕ್ಕೆ 4 ಕೂಡಿಸಿದರೆ ಪಟ್ಟಿ 34 ಆಗುತ್ತದೆ; ಎದೆಯ 36ರಲ್ಲಿ 34 ಕಳೆದರೆ 2 ಉಳಿಯುತ್ತದೆ. ವ್ಯತ್ಯಾಸ 1 ಇಂಚಾದರೆ ಕಪ್ (ಸ್ತನ ಕೂರುವ ಬಟ್ಟಲಿನಂಥ ಭಾಗ) ಎ, 2 ಆದರೆ ಬಿ, 3 ಆದರೆ ಸಿ, 4 ಆದರೆ ಡಿ ಎಂಬ ಕ್ರಮದಲ್ಲಿ ನಿಮ್ಮದು 34ಬಿ. ಎರಡನೆಯ ರೀತಿಯಲ್ಲಿ ಏನನ್ನೂ ಕೂಡಿಸುವುದಿಲ್ಲ, ಪಟ್ಟಿ 30 ಎಂದೇ ಉಳಿಯುತ್ತದೆ. ಆಗ ವ್ಯತ್ಯಾಸ 6 ಇಂಚಾಗಿ, ಬ್ರಿಟನ್ನಿನ ಕ್ರಮದಂತೆ 5 ಇಂಚಿನ ಡಿಡಿಯ ನಂತರದ ಇ ಕಪ್ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಬ್ರಾಗಳಿಗೆ ಸಾಮಾನ್ಯವಾಗಿ ಮೊದಲ ಲೆಕ್ಕವೇ ಹತ್ತಿರ ಬರುತ್ತದೆಯಾದ್ದರಿಂದ ನೀವು 34ಬಿಯಿಂದ ಆರಂಭಿಸಿ. ಆದರೂ ಕೊಳ್ಳುವ ಮೊದಲು ಆಯಾ ಕಂಪನಿಯದೇ ಅಳತೆಯ ಪಟ್ಟಿಯನ್ನು ನೋಡುವುದು ಅವಶ್ಯ; ಒಬ್ಬರ ಪಟ್ಟಿಯಲ್ಲಿ ಲೆಕ್ಕ ಹಾಕಿ ಇನ್ನೊಬ್ಬರ ಬ್ರಾ ತಂದರೆ ಅಳೆದದ್ದೆಲ್ಲ ವ್ಯರ್ಥವಾಗುತ್ತದೆ.

ಕಪ್ಪಿನ ಅಕ್ಷರದ ಬಗ್ಗೆಯೂ ಒಂದು ಮಾತು ಹೇಳಬೇಕು. ಈ ಅಕ್ಷರಗಳು 1930ರ ದಶಕದಲ್ಲಿ ಅಮೆರಿಕದ ತಯಾರಕರು ತಂದ ಕ್ರಮ. ಅಕ್ಷರಕ್ಕೆ ತನ್ನದೇ ಆದ ಗಾತ್ರವಿಲ್ಲ, ಅದು ಪಟ್ಟಿಯ ಸಂಖ್ಯೆಯೊಡನೆ ಸೇರಿದಾಗ ಮಾತ್ರ ಅರ್ಥ ಪಡೆಯುತ್ತದೆ. 32ಡಿ, 34ಸಿ ಮತ್ತು 36ಬಿ ಈ ಮೂರರ ಕಪ್ಪಿನಲ್ಲಿ ಹಿಡಿಸುವ ಪ್ರಮಾಣ ಬಹುಮಟ್ಟಿಗೆ ಒಂದೇ, ಬದಲಾಗುವುದು ಪಟ್ಟಿಯ ಉದ್ದ. ಆದಕಾರಣ ‘ಡಿ’ ಎಂದೊಡನೆ ನಾಚಿಕೊಳ್ಳುವುದಾಗಲಿ, ‘ಎ’ ಎಂದೊಡನೆ ಕುಗ್ಗುವುದಾಗಲಿ ಬೇಕಿಲ್ಲ.

ಟೇಪು ಹೇಳುವುದು ಎಲ್ಲಿಂದ ಹುಡುಕಬೇಕು ಎಂಬುದನ್ನು ಮಾತ್ರ. ತೀರ್ಮಾನವಾಗುವುದು ಬ್ರಾ ಮೈಮೇಲೆ ಕುಳಿತಾಗ. ಹೊಸ ಬ್ರಾವನ್ನು ಎಲ್ಲಕ್ಕಿಂತ ಹೊರಗಿನ, ಅಂದರೆ ಅತ್ಯಂತ ಸಡಿಲವಾದ ಹುಕ್ಕಿಗೆ ಹಾಕಿ. ಒಗೆದು ಬಳಸಿದಂತೆ ಎಲಾಸ್ಟಿಕ್ ಹಿಗ್ಗುವುದರಿಂದ ಮುಂದೆ ಒಳಗಿನ ಹುಕ್ಕುಗಳು ಬೇಕಾಗುತ್ತವೆ. ಮೊದಲ ದಿನವೇ ಎಲ್ಲಕ್ಕಿಂತ ಒಳಗಿನ ಹುಕ್ಕಿಗೆ ಹೋದರೆ ಆ ಪಟ್ಟಿ ನಿಮಗೆ ದೊಡ್ಡದು. ಹುಕ್ಕು ಹಾಕಿದ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಬಲಗೈಯನ್ನು ಎಡ ಕಪ್ಪಿನೊಳಗೆ ಕಂಕುಳಿನವರೆಗೂ ಚಾಚಿ, ಪಕ್ಕಕ್ಕೆ ಸರಿದಿರುವ ಭಾಗವನ್ನೆಲ್ಲ ಮುಂದಕ್ಕೆ ತಂದು ಕಪ್ಪಿನಲ್ಲಿ ಕೂರಿಸಿ. ಇನ್ನೊಂದು ಬದಿಗೂ ಹಾಗೆಯೇ ಮಾಡಿ. ಕಂಕುಳ ಬಳಿ ಉಬ್ಬಿರುವುದನ್ನು ಬೊಜ್ಜು ಎಂದು ತಿಳಿದು ಹೊರಗೇ ಬಿಡುವವರು ಬಹಳ ಮಂದಿ. ಅದರಲ್ಲಿ ಸ್ತನದ ಭಾಗವೂ ಇರುತ್ತದೆ, ಅದು ಒಳಗೆ ಬಂದಾಗಲೇ ಕಪ್ಪಿನ ನಿಜವಾದ ಅಳತೆ ಗೊತ್ತಾಗುವುದು.

ಅನಂತರ ಪಕ್ಕದಿಂದ ಕನ್ನಡಿಯಲ್ಲಿ ನೋಡಿ. ಪಟ್ಟಿ ಮುಂದೆ ಯಾವ ಎತ್ತರದಲ್ಲಿದೆಯೋ ಹಿಂದೆಯೂ ಅದೇ ಎತ್ತರದಲ್ಲಿರಬೇಕು, ಅದರೊಳಗೆ ಎರಡು ಬೆರಳು ಹೋಗುವಷ್ಟು ಮಾತ್ರ ಜಾಗವಿರಬೇಕು. ಕಪ್ಪಿನ ಮೇಲಂಚಿನಲ್ಲಿ ಸ್ತನ ಉಕ್ಕಿ ಎರಡು ಉಬ್ಬಾಗಿ ಕಂಡರೆ ಕಪ್ ಚಿಕ್ಕದು, 34ಸಿ ನೋಡಿ. ಬಟ್ಟೆ ಸುಕ್ಕುಗಟ್ಟಿ ಟೊಳ್ಳಾಗಿ ನಿಂತರೆ ಕಪ್ ದೊಡ್ಡದು. ಕಪ್ ಸರಿಯಿದ್ದು ಪಟ್ಟಿ ಮಾತ್ರ ಸಡಿಲವಾದರೆ 32ಸಿ ತೆಗೆದುಕೊಳ್ಳಿ: ಪಟ್ಟಿ ಒಂದು ಅಳತೆ (34ರಿಂದ 32ಕ್ಕೆ) ಇಳಿದಾಗ ಅಕ್ಷರ ಒಂದು ಮೇಲೇರಬೇಕು. ತಂತಿಯಿರುವ ಬ್ರಾ ಆದರೆ ತಂತಿಯು ಸ್ತನದ ಬುಡವನ್ನು ಪೂರ್ತಿ ಬಳಸಿ ಬಂದು, ಎರಡು ಕಪ್‌ಗಳ ನಡುವಿನ ಭಾಗ ಎದೆಮೂಳೆಗೆ ತಾಗಿ ಚಪ್ಪಟೆಯಾಗಿ ಕೂರಬೇಕು. ತಂತಿ ಸ್ತನದ ಮೇಲೆಯೇ ಏರಿ ಒತ್ತಿದರೆ ಅದನ್ನು ಸಹಿಸಿಕೊಂಡು ಧರಿಸಬೇಡಿ.

ಪ್ರಶ್ನೆ (ಮಂಡ್ಯದ ಸದಸ್ಯೆ):
ಅಕ್ಕ, ಎರಡು ಮಕ್ಕಳಿಗೆ ಹಾಲೂಡಿಸಿದ ಮೇಲೆ ನನ್ನ ಎದೆ ಇಳಿಬಿದ್ದಿದೆ, ಎಡಭಾಗ ಬಲಕ್ಕಿಂತ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿದೆ. ಟೇಪನ್ನು ಎಲ್ಲಿ ಹಿಡಿಯಬೇಕೆಂದೇ ತಿಳಿಯುತ್ತಿಲ್ಲ.

ಉತ್ತರ:
ಎರಡೂ ಬದಿ ಒಂದೇ ಗಾತ್ರದಲ್ಲಿಲ್ಲದಿರುವುದು ತೀರ ಸಾಮಾನ್ಯ ಸಂಗತಿ, ನೀವು ಅದಕ್ಕಾಗಿ ನೊಂದುಕೊಳ್ಳಬೇಡಿ. ಇಳಿಬಿದ್ದ ಎದೆಯನ್ನು ನಿಂತುಕೊಂಡು ಬರಿಮೈಯಲ್ಲಿ ಅಳೆದರೆ ಸಂಖ್ಯೆ ಕಡಿಮೆ ಬರುತ್ತದೆ, ಆದ್ದರಿಂದ ನೀವು ಬಾಗಿ ಅಳೆದ ಸಂಖ್ಯೆಯನ್ನೇ ನಂಬಿ. ಇಲ್ಲವೇ ಇರುವುದರಲ್ಲಿ ಚೆನ್ನಾಗಿ ಎತ್ತಿ ಹಿಡಿಯುವ, ಪ್ಯಾಡ್ ಇಲ್ಲದ ಬ್ರಾ ಧರಿಸಿಯೇ ಅಳೆಯಿರಿ. ಕಪ್ಪನ್ನು ದೊಡ್ಡ ಬದಿಗೆ ಹೊಂದುವಂತೆ ಆರಿಸಿ, ಚಿಕ್ಕ ಬದಿಯ ಹೆಗಲ ಪಟ್ಟಿಯನ್ನು ಸ್ವಲ್ಪ ಮೇಲೆಳೆದುಕೊಂಡರೆ ಅಥವಾ ಆ ಕಡೆ ತೆಗೆದು ಹಾಕಬಹುದಾದ ತೆಳು ಪ್ಯಾಡ್ ಇಟ್ಟರೆ ಹೊಂದಿಕೆಯಾಗುತ್ತದೆ. ಚಿಕ್ಕ ಬದಿಗೆ ಹೊಂದಿಸಿದರೆ ದೊಡ್ಡದು ದಿನವಿಡೀ ಹಿಸುಕಿಕೊಂಡಿರುತ್ತದೆ. ಮೊದಲಿನಿಂದ ಇರುವ ವ್ಯತ್ಯಾಸಕ್ಕೆ ಹೆದರಬೇಕಿಲ್ಲ. ಆದರೆ ಒಂದೇ ಬದಿ ಹೊಸದಾಗಿ ದೊಡ್ಡದಾಗಿದ್ದರೆ, ಗಂಟು ಕೈಗೆ ಸಿಕ್ಕರೆ, ಚರ್ಮ ಒಳಕ್ಕೆ ಎಳೆದಂತೆ ಕಂಡರೆ, ಮೊಲೆತೊಟ್ಟಿನಿಂದ ರಕ್ತ ಬಂದರೆ ಅಳತೆಯ ವಿಷಯವನ್ನು ಪಕ್ಕಕ್ಕಿಟ್ಟು ತಡಮಾಡದೆ ವೈದ್ಯರನ್ನು ಕಾಣಿರಿ.

ಪ್ರಶ್ನೆ (ತುಮಕೂರಿನ ಸದಸ್ಯೆ):
ಬಿಗಿಯಾದ ಬ್ರಾದಿಂದ, ಅದರಲ್ಲೂ ತಂತಿಯಿರುವುದರಿಂದ ಕ್ಯಾನ್ಸರ್ ಬರುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಇದು ನಿಜವೇ?

ಉತ್ತರ:
ನಿಜವಲ್ಲ. ಅಮೆರಿಕದ ಸಿಯಾಟಲ್ ನಗರದ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಋತುಬಂಧವಾದ ಮಹಿಳೆಯರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಾ ಧರಿಸುವುದಕ್ಕೂ ಸ್ತನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ, ತಂತಿಯಿದ್ದರೂ ಇಲ್ಲದಿದ್ದರೂ ವ್ಯತ್ಯಾಸವಾಗಲಿಲ್ಲ. ಅತ್ತೆಯವರಿಗೆ ಇದನ್ನು ಸಮಾಧಾನದಿಂದ ತಿಳಿಸಿ. ಬಿಗಿಯಾದ ಬ್ರಾದಿಂದ ಚರ್ಮ ಉಜ್ಜಿ ಗಾಯವಾಗುವುದು, ಬೇಸಿಗೆಯಲ್ಲಿ ಬೆವರು ನಿಂತು ಸ್ತನದ ಕೆಳಗೆ ತುರಿಕೆ ಹತ್ತುವುದು ಮಾತ್ರ ನಿಜ. ಹಾಲೂಡಿಸುವ ತಾಯಂದಿರಿಗೆ ಒತ್ತುವ ಬ್ರಾ ಒಳ್ಳೆಯದಲ್ಲ, ಹಾಲು ಕಟ್ಟಿಕೊಳ್ಳಬಹುದು; ಹೆರಿಗೆಯಾದ ಮೊದಲ ವಾರಗಳಲ್ಲಿ ಗಾತ್ರ ಏರಿಳಿಯುತ್ತಿರುತ್ತದೆಯಾದ್ದರಿಂದ ಹಿಗ್ಗುವ ಬಟ್ಟೆಯ, ತಂತಿಯಿಲ್ಲದ ಬ್ರಾ ಬಳಸಿ, ಗಾತ್ರ ನೆಲೆಗೊಂಡ ಮೇಲೆ ಅಳೆದುಕೊಳ್ಳಿ.

ಪ್ರಶ್ನೆ (ಜರ್ಮನಿಯಲ್ಲಿ ನೆಲೆಸಿರುವ ಸದಸ್ಯೆ):
ಊರಿನಲ್ಲಿ 34ಬಿ ಕೊಳ್ಳುತ್ತಿದ್ದೆ. ಇಲ್ಲಿನ ಅಂಗಡಿಗಳಲ್ಲಿ 70, 75 ಎಂದಿದೆ.

ಉತ್ತರ:
ಅಲ್ಲಿ ಪಟ್ಟಿಗೆ ಕೆಳಗಿನ ಸುತ್ತಳತೆಯನ್ನೇ ಸೆಂಟಿಮೀಟರಿನಲ್ಲಿ ಬರೆಯುತ್ತಾರೆ. 32ಕ್ಕೆ 70, 34ಕ್ಕೆ 75, 36ಕ್ಕೆ 80, ಹೀಗೆ ಐದೈದು ಏರುತ್ತ ಹೋಗುತ್ತದೆ. ನಿಮ್ಮದು 75ಬಿ.

ಪ್ರಶ್ನೆ (ಶಿರಸಿ ಸಮೀಪದ ಸದಸ್ಯೆ):
ಕೊನೆಯದಾಗಿ ಒಂದು ಸಂದೇಹ, ಮೇಡಂ. ನಮ್ಮ ಪೇಟೆಯಲ್ಲಿ ಹಾಕಿ ನೋಡಲು ಕೋಣೆಯಿಲ್ಲ, ಕೌಂಟರಿನಲ್ಲಿ ಗಂಡಸರೇ ಇರುತ್ತಾರೆ. ಎಷ್ಟೋ ಡಬ್ಬಿಗಳ ಮೇಲೆ ಸಂಖ್ಯೆಯಿದ್ದು ಅಕ್ಷರವೇ ಇರುವುದಿಲ್ಲ.

ಉತ್ತರ:
ಅಕ್ಷರವಿಲ್ಲದ ಬ್ರಾ ಸಾಮಾನ್ಯವಾಗಿ ಬಿ ಕಪ್ಪಿನ ಅಂದಾಜಿನಲ್ಲಿ ಹೊಲಿದದ್ದಾಗಿರುತ್ತದೆ; ನಿಮ್ಮ ಅಳತೆಗೆ ಅದು ಹೊಂದಬಹುದು, ಸಿ ಅಥವಾ ಡಿ ಬೇಕಾದವರು ಅಂಥದ್ದನ್ನು ಕೊಳ್ಳದಿರುವುದು ಲೇಸು. ಬಾಯಿಬಿಟ್ಟು ಹೇಳಲು ಮುಜುಗರವಾದರೆ ಒಂದು ಚೀಟಿಯಲ್ಲಿ ‘34ಬಿ, 34ಸಿ, 32ಸಿ, ತಂತಿ ಬೇಡ, ಹತ್ತಿಯದು’ ಎಂದು ಬರೆದುಕೊಟ್ಟುಬಿಡಿ. ನಮ್ಮ ಮಳಿಗೆಗೂ ಅಂಥ ಚೀಟಿ ಹಿಡಿದು ಬರುವವರಿದ್ದಾರೆ, ಅದರಿಂದ ಅಂಗಡಿಯವರಿಗೂ ಕೆಲಸ ಸುಲಭವಾಗುತ್ತದೆ. ಒಳಉಡುಪನ್ನು ಅನೇಕ ಅಂಗಡಿಗಳಲ್ಲಿ ಬದಲಾಯಿಸಿ ಕೊಡುವುದಿಲ್ಲ, ಆದ್ದರಿಂದ ಹಣ ಕೊಡುವ ಮೊದಲೇ ಆ ವಿಷಯ ಕೇಳಿಕೊಳ್ಳಿ. ಒಮ್ಮೆಗೇ ಮೂರು ನಾಲ್ಕು ತರಬೇಡಿ. ಒಂದನ್ನು ತಂದು, ಅದಕ್ಕೆ ಅಂಟಿಸಿದ ಬೆಲೆಚೀಟಿ ಕೀಳದೆ ತೆಳುವಾದ ಬನಿಯನ್ನಿನ ಮೇಲೆ ಹಾಕಿಕೊಂಡು, ಕೈ ಮೇಲೆತ್ತಿ, ಬಾಗಿ, ಕುಳಿತು ನೋಡಿ. ಸರಿಬಂದರೆ ಅದೇ ಕಂಪನಿಯ ಅದೇ ಮಾದರಿಯಲ್ಲಿ ಉಳಿದವನ್ನು ಕೊಳ್ಳಿ. ಸರಿಬಾರದಿದ್ದರೆ ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲವಾಗಿದೆ ಎಂದು ಇಲ್ಲಿ ಬರೆಯಿರಿ, ಮುಂದೆ ಯಾವ ಅಳತೆ ನೋಡಬೇಕೆಂದು ಹೇಳುತ್ತೇನೆ.