ಸ್ವೀಟ್ ಬಾಕ್ಸ್ ಡೈ ನಾವೇ ಮಾಡಿಕೊಳ್ಳಬಹುದಾ? ಅನುಭವ ಇದ್ದವರು ಹೇಳಿ

ದಾವಣಗೆರೆ ಪ್ರೆಸ್‌ನವ:
ನಮ್ಮದು ಸಣ್ಣ ಆಫ್‌ಸೆಟ್ ಪ್ರೆಸ್. ಸ್ವೀಟ್ ಬಾಕ್ಸ್, ಅಗರಬತ್ತಿ ಡಬ್ಬಿ ಕೆಲಸ ಈಗ ಜಾಸ್ತಿ ಬರುತ್ತಿದೆ. ಪಂಚಿಂಗ್ ಮಷಿನ್ ಇದೆ, ಡೈ (ಬೋರ್ಡನ್ನು ಡಬ್ಬಿಯ ಆಕಾರಕ್ಕೆ ಕತ್ತರಿಸಿ ಮಡಿಕೆ ಗೆರೆ ಒತ್ತುವ, ಮರದಲ್ಲಿ ಲೋಹದ ಪಟ್ಟಿ ಕೂರಿಸಿದ ಅಚ್ಚು) ಮಾತ್ರ ಹೊರಗಿಂದ ತರಿಸುತ್ತೇವೆ. ಅದು ಬರುವಷ್ಟರಲ್ಲಿ ಗಿರಾಕಿ ಹತ್ತು ಸಲ ಫೋನ್ ಮಾಡಿರುತ್ತಾರೆ. ಇನ್ನೊಂದು ತಲೆನೋವು: 350 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ) ಡ್ಯುಪ್ಲೆಕ್ಸ್ ಬೋರ್ಡಿನಲ್ಲಿ ಮಡಚಿದ ಕಡೆ ಪ್ರಿಂಟ್ ಬಿರುಕು ಬಿಡುತ್ತದೆ. ಡೈ ನಾವೇ ಮಾಡಿದರೆ ಇದು ಸರಿಹೋಗುತ್ತಾ? ಲೇಸರ್ ಮಷಿನ್ ತಗೋಬೇಕಾ?

ಪೀಣ್ಯದ ಡೈ ಮೇಕರ್:
ಸಾರ್, ಇದು ಎರಡು ಬೇರೆ ಬೇರೆ ವಿಷಯ. ಬಿರುಕಿಗೆ ಡೈ ಒಂದೇ ಕಾರಣ ಅಲ್ಲ. ಮಡಿಕೆಗೆ ಡೈನಲ್ಲಿರುವುದು ಒತ್ತುವ ರೂಲ್, ಅಂದರೆ ಲೋಹದ ಪಟ್ಟಿ, ಮಾತ್ರ. ಕ್ರೀಸ್ (ಮಡಿಕೆ ಗೆರೆ) ಮೂಡುವುದು ಎದುರಿನ ಪ್ಲೇಟ್ ಮೇಲೆ ಅಂಟಿಸಿದ ಚಾನೆಲ್‌ನಲ್ಲಿ, ಅಂದರೆ ನಡುವೆ ಸಣ್ಣ ಕಾಲುವೆ ಇರುವ ಪಟ್ಟಿಯಲ್ಲಿ. ಅದರ ಅಗಲ ತಪ್ಪಿದ್ದರೆ ಎಂಥ ಡೈ ತಂದರೂ ಅಷ್ಟೇ.

ಮೊದಲು ಬೋರ್ಡ್ ಅಳೆಯಿರಿ. ಜಿಎಸ್‌ಎಂ ನೋಡಿ ಅಂದಾಜು ಮಾಡಬೇಡಿ, ಅದು ತೂಕ. ಒಂದೇ 350 ಜಿಎಸ್‌ಎಂ ಬೋರ್ಡ್ ಮಿಲ್‌ನಿಂದ ಮಿಲ್‌ಗೆ ಬೇರೆ ದಪ್ಪ ಬರುತ್ತದೆ. ಮೈಕ್ರೋಮೀಟರ್ ಹಿಡಿದು ಶೀಟಿನ ನಾಲ್ಕೈದು ಕಡೆ ನೋಡಿ. ಸಿಕ್ಕ ದಪ್ಪದ ಒಂದೂವರೆ ಪಟ್ಟಿಗೆ ಕ್ರೀಸಿಂಗ್ ರೂಲ್ ದಪ್ಪ ಕೂಡಿಸಿ. ಅದೇ ಚಾನೆಲ್ ಅಗಲ. 2 ಪಾಯಿಂಟ್ ರೂಲ್ ಅಂದರೆ 0.71 ಮಿ.ಮೀ. ಬೋರ್ಡ್ 0.4 ಇದ್ದರೆ 0.6ಕ್ಕೆ 0.7 ಸೇರಿ 1.3 ಆಯಿತು. ಚಾನೆಲ್ ಆಳ ಬೋರ್ಡ್ ದಪ್ಪದಷ್ಟೇ. ಅಂಗಡಿಯಲ್ಲಿ 0.4 × 1.3 ಅಂತ ಕೇಳಿ. ಕಟಿಂಗ್ ರೂಲ್ ಎತ್ತರ 23.8 ಇದ್ದರೆ ಕ್ರೀಸಿಂಗ್ ರೂಲ್ 23.4, ಇಲ್ಲ 23.3.

ಚಾನೆಲ್ ಇಕ್ಕಟ್ಟಾದರೆ ಬೋರ್ಡಿನ ಮೇಲ್ಪದರ ಹರಿಯುತ್ತದೆ. ಅಗಲ ಜಾಸ್ತಿ ಆದರೆ ಮಡಿಕೆ ಗೆರೆ ಬಿಟ್ಟು ಅಕ್ಕಪಕ್ಕ ಬೀಳುತ್ತದೆ, ಡಬ್ಬಿ ಸೊಟ್ಟ ನಿಲ್ಲುತ್ತದೆ. ಪಂಚ್ ಆದ ಶೀಟ್ ತಿರುಗಿಸಿ ಹಿಂಬದಿ ಬೆರಳಾಡಿಸಿ. ಸಣ್ಣ ಉಬ್ಬು ಈ ತುದಿಯಿಂದ ಆ ತುದಿಗೆ ಒಂದೇ ಸಮ ಸಿಗಬೇಕು. ಆ ಉಬ್ಬು ಡಬ್ಬಿಯ ಒಳಗೆ ಬರುವ ಹಾಗೆ ಮಡಚಬೇಕು. ಆಗ ಒಳಗಿನ ಪದರಗಳು ಒಂದನ್ನೊಂದು ಬಿಟ್ಟುಕೊಂಡು ಉಬ್ಬು ದಪ್ಪ ಆಗುತ್ತದೆ, ಪ್ರಿಂಟ್ ಮುಖಕ್ಕೆ ಎಳೆತ ಕಡಿಮೆ ಬೀಳುತ್ತದೆ. ಉಬ್ಬೇ ಇಲ್ಲ ಅಂದರೆ ಅದು ಕ್ರೀಸ್ ಅಲ್ಲ, ಬರೀ ಗೀರು.

ಹುಬ್ಬಳ್ಳಿ ಜಾಬ್‌ವರ್ಕ್:
ಲೇಸರ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ ಅಣ್ಣ. 18 ಮಿ.ಮೀ. ಪ್ಲೈವುಡ್ ಮಾತ್ರ ಲೇಸರ್ ಇರುವವರ ಹತ್ತಿರ ಕತ್ತರಿಸಿ ತರಿಸಿ. ರೂಲ್ ಕತ್ತರಿಸುವುದು, ಬಗ್ಗಿಸುವುದು, ಕೂರಿಸುವುದು ನಿಮ್ಮಲ್ಲೇ ಆಗಲಿ. ಕಟರ್, ನಾಚರ್ (ರೂಲಿನ ಬುಡದಲ್ಲಿ ಕಚ್ಚು ಹೊಡೆಯುವುದು), ಕೈ ಬೆಂಡರ್ ಇಷ್ಟಿದ್ದರೆ ಶುರು ಮಾಡಬಹುದು. ನೆಟ್ಟಗಿನ ಗೆರೆಗಳ ಡಬ್ಬಿಗೆ ಜಿಗ್‌ಸಾ ಕೂಡ ಸಾಕು, ಆದರೆ ಒಂದೇ ಶೀಟಿನಲ್ಲಿ ಎಂಟು ಅಪ್ಸ್, ಅಂದರೆ ಎಂಟು ಡಬ್ಬಿ, ಹಾಕುವಾಗ ಕೈ ಕೆಲಸದಲ್ಲಿ ಎಲ್ಲ ಒಂದೇ ಅಳತೆ ಬರುವುದು ಕಷ್ಟ.

ರೂಲ್ ನೈಲಾನ್ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದರೆ ಇಳಿಯಬೇಕು. ಬೆರಳಲ್ಲಿ ಒತ್ತಿದರೇ ಇಳಿದರೆ ಸಡಿಲ, ಪಂಚ್ ಆಗುವಾಗ ಅಲ್ಲಾಡುತ್ತದೆ. ಬ್ರಿಜ್ ಮರೆಯಬೇಡಿ. ಗೆರೆಯನ್ನು ಪೂರ್ತಿ ಸೀಳಿದರೆ ನಡುವಿನ ಮರದ ತುಂಡು ಉದುರಿ ಕೈಗೆ ಬರುತ್ತದೆ. ಅಲ್ಲಲ್ಲಿ ಕತ್ತರಿಸದೆ ಬಿಟ್ಟು, ರೂಲಿನ ಬುಡದಲ್ಲಿ ಅಷ್ಟೇ ಜಾಗಕ್ಕೆ ನಾಚ್ ಹೊಡೆಯಬೇಕು. ಮಳೆಗಾಲದಲ್ಲಿ ಹಳೆ ಡೈಗಳನ್ನು ಒದ್ದೆ ಗೋಡೆಗೆ ಒರಗಿಸಬೇಡಿ. ಮರ ಊದಿಕೊಂಡರೆ ಅಳತೆ ಹೋಯಿತು ಅಂತಲೇ.

ಶಿವಕಾಶಿಯಲ್ಲಿರುವ ಕನ್ನಡಿಗ:
ರಬ್ಬರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಪಂಚ್ ಆದ ಬೋರ್ಡನ್ನು ರೂಲಿನಿಂದ ಹೊರದೂಡಲು ಅದನ್ನು ಕಟಿಂಗ್ ರೂಲಿನ ಎರಡೂ ಕಡೆ ಹಾಕಿ. ರೂಲಿಗಿಂತ ಒಂದು ಮಿ.ಮೀ. ಮೇಲಿರಲಿ, ಆದರೆ ರೂಲಿಗೆ ಒತ್ತಿಕೊಂಡು ಅಂಟಿಸಬೇಡಿ. ಅಮುಕಿದಾಗ ಅದು ಪಕ್ಕಕ್ಕೆ ಹರಡುತ್ತದೆ, ಜಾಗ ಇಲ್ಲದಿದ್ದರೆ ಬೋರ್ಡನ್ನೇ ಎಳೆದು ನಿಕ್ (ಡಬ್ಬಿ ಶೀಟಿನಿಂದ ಉದುರದಂತೆ ಕತ್ತರಿಸದೆ ಬಿಡುವ ಸಣ್ಣ ಜಾಗ) ಹರಿಯುತ್ತದೆ. ಆಮೇಲೆ ನಿಕ್ ಸರಿ ಇಲ್ಲ ಅಂತ ದೊಡ್ಡದು ಮಾಡುತ್ತಾ ಹೋಗುತ್ತೇವೆ, ಡಬ್ಬಿಯ ಅಂಚಲ್ಲಿ ಮುಳ್ಳು ಮುಳ್ಳು ಉಳಿಯುತ್ತದೆ. ನಿಕ್ ಉಳಿಯಲ್ಲಿ ಹೊಡೆಯಬೇಡಿ, ರೂಲಿನ ಬಾಯಿ ಅಕ್ಕಪಕ್ಕ ಹಾಳಾಗುತ್ತದೆ. ಸಣ್ಣ ಗ್ರೈಂಡರ್ ಸಿಗುತ್ತದೆ, ಅರ್ಧ ಮಿ.ಮೀ. ಇಟ್ಟರೆ ಸಾಮಾನ್ಯ ಡಬ್ಬಿಗೆ ಸಾಕು.

ಪ್ಲೇಟನ್ ಪಂಚಿಂಗ್ ಮಷಿನ್‌ನಲ್ಲಿ ಕೆಲಸ ಬೇಗ ಆಗಲಿ ಅಂತ ಗಾರ್ಡ್ ಬಿಚ್ಚಿಟ್ಟಿರುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬೆರಳು ಹೋದರೆ ಬರಲ್ಲ.

ಡಿಸೈನ್ ಮಾಡುವವಳು:
ಇದು ಡೈಗಿಂತ ಮುಂಚಿನ ಮಾತು. ಲೇಔಟ್ ಮಾಡುವಾಗಲೇ ಗ್ರೇನ್ (ಬೋರ್ಡಿನ ನಾರು ಹೋಗುವ ದಿಕ್ಕು) ನೋಡಿ. ಡಬ್ಬಿಯ ನಾಲ್ಕು ನಿಂತ ಮಡಿಕೆಗಳಿಗೆ ಗ್ರೇನ್ ಅಡ್ಡ ಹಾಯಬೇಕು, ಆಗ ಗೋಡೆ ಹೊಟ್ಟೆ ಬಿಡುವುದಿಲ್ಲ. ಶೀಟ್ ಉಳಿಸಲು ಡಬ್ಬಿಯನ್ನು ತಿರುಗಿಸಿ ಕೂರಿಸಿದರೆ ಕಾಗದದ ದುಡ್ಡು ಉಳಿಯುತ್ತದೆ, ಡಬ್ಬಿ ಮೆತ್ತಗಾಗುತ್ತದೆ. ಅಂಟು ಪಟ್ಟಿಯ ಮೇಲೆ ಬರುವ ಕೊನೆಯ ಗೋಡೆ ಅರ್ಧ ಮಿ.ಮೀ. ಚಿಕ್ಕದಿರಲಿ, ಇಲ್ಲದಿದ್ದರೆ ಅಂಚು ಹೊರಗೆ ಇಣುಕುತ್ತದೆ. ಡೈಗೆ ಕೊಡುವ ಮೊದಲು ಅದೇ ಬೋರ್ಡಲ್ಲಿ ಕೈಯಾರೆ ಕತ್ತರಿಸಿ, ಒಳಗೆ ಸ್ವೀಟ್ ಇಟ್ಟು ನೋಡಿ. ಬಿಳಿ ಹಾಳೆಯಲ್ಲಿ ನೋಡಿದರೆ ಪ್ರಯೋಜನ ಇಲ್ಲ.

ಅಂದಹಾಗೆ, ಒಂದೇ ಒತ್ತಿಗೆ ಕಟಿಂಗ್, ಕ್ರೀಸಿಂಗ್ ಎರಡೂ ಆಗುವ ಈ ಉಪಾಯ ಹುಟ್ಟಿದ್ದೇ ಒಂದು ಎಡವಟ್ಟಿನಿಂದ. 1879ರಲ್ಲಿ ನ್ಯೂಯಾರ್ಕ್‌ನ ರಾಬರ್ಟ್ ಗೇರ್ ಅವರ ಕಾರ್ಖಾನೆಯಲ್ಲಿ ಕಾಗದದ ಚೀಲಕ್ಕೆ ಮಡಿಕೆ ಗೆರೆ ಹಾಕಬೇಕಿದ್ದ ಪಟ್ಟಿ ಎತ್ತರವಾಗಿ ಚೀಲವನ್ನೇ ಕತ್ತರಿಸಿಬಿಟ್ಟಿತು. ಪಟ್ಟಿಗಳ ಎತ್ತರ ಹೆಚ್ಚುಕಮ್ಮಿ ಮಾಡಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದಲ್ವಾ ಅಂತ ಅವರಿಗೆ ಹೊಳೆಯಿತು.

ದಾವಣಗೆರೆ ಪ್ರೆಸ್‌ನವ:
ಎಲ್ಲರಿಗೂ ಥ್ಯಾಂಕ್ಸ್. ಅಳೆದು ನೋಡಿದೆ, ಬೋರ್ಡ್ 0.45 ಬಂತು. ಪ್ಲೇಟ್ ಮೇಲೆ ಇರುವ ಚಾನೆಲ್ 0.3 × 1.0! ಹಿಂದಿನ ತೆಳು ಬೋರ್ಡಿನ ಕೆಲಸಕ್ಕೆ ಹಾಕಿದ್ದರಂತೆ. ಹಾಗಾದರೆ ಯಾವುದು ತರಿಸಲಿ?

ಪೀಣ್ಯದ ಡೈ ಮೇಕರ್:
ಸಿಕ್ಕಿತಲ್ಲ ಸಾರ್! 0.5 × 1.4 ತರಿಸಿ. ಗ್ರೇನ್ ಉದ್ದಕ್ಕೇ ಹೋಗುವ ಗೆರೆಗಳಿಗೆ 1.3 ಹಾಕಿ ನೋಡಬಹುದು. ಕ್ರೀಸಿಂಗ್ ರೂಲ್ 23.3. ಚಾನೆಲ್ ಜೊತೆ ಪ್ಲಾಸ್ಟಿಕ್ ಲೊಕೇಟರ್ ಬರುತ್ತದೆ, ಅದನ್ನು ಡೈನ ಕ್ರೀಸಿಂಗ್ ರೂಲ್ ಮೇಲೆ ಕೂರಿಸಿ, ಅಂಟಿನ ಕಾಗದ ಸುಲಿದು, ಒಂದು ಇಂಪ್ರೆಷನ್ (ಒತ್ತು) ಕೊಡಿ. ತಾನೇ ಪ್ಲೇಟಿಗೆ ಸರಿಯಾದ ಜಾಗದಲ್ಲಿ ಅಂಟಿಕೊಳ್ಳುತ್ತದೆ, ಆಮೇಲೆ ಲೊಕೇಟರ್ ಕಿತ್ತು ಬಿಸಾಕಿ. ಹಳೆ ಚಾನೆಲ್ ತೆಗೆದ ಜಾಗದಲ್ಲಿ ಅಂಟು ಪೂರ್ತಿ ಒರೆಸಿರಿ, ಇಲ್ಲದಿದ್ದರೆ ಹೊಸದು ರನ್ ನಡುವೆ ಜಾರುತ್ತದೆ.