ತೊಳೆದಷ್ಟೂ ಗೀರು ಜಾಸ್ತಿ ಆಗ್ತಿದೆ, ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ:
ಕಪ್ಪು ಕಾರು, ಇನ್ನೂ ಒಂದು ವರ್ಷ ತುಂಬಿಲ್ಲ. ದಿನಾ ಒಣಬಟ್ಟೆಯಲ್ಲಿ ಧೂಳು ಒರೆಸುವುದು, ವಾರಕ್ಕೊಮ್ಮೆ ಒಂದು ಬಕೆಟ್ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಸ್ಪಂಜು. ಕೊನೆಗೆ ಹಳೇ ಟೀ ಶರ್ಟಿನಲ್ಲಿ ಒರೆಸುವುದು. ಈಗ ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬ ಜೇಡರಬಲೆಯಂಥ ಗೀರು. ಪೈಪ್ ಇದೆ, ಪ್ರೆಶರ್ ವಾಷರ್ ಇಲ್ಲ. ತೊಳೆಯುವುದರಿಂದ ವ್ಯಾಕ್ಸ್‌ವರೆಗೆ ಸರಿಯಾದ ಕ್ರಮ ಗೊತ್ತಿದ್ದವರು ಹೇಳಿ.

ಉತ್ತರ 1:
ಮೊದಲು ಆ ಒಣಬಟ್ಟೆ ಬಿಡಿ. ಬಹುಪಾಲು ಗೀರು ಅದರದ್ದೇ. ಧೂಳಿನಲ್ಲಿರುವುದು ಪುಡಿ ಮರಳು. ಒಣಬಟ್ಟೆ ಅದನ್ನು ಎತ್ತಿಕೊಳ್ಳುವುದಿಲ್ಲ, ಪೇಂಟ್ ಮೇಲೆ ಎಳೆಯುತ್ತದೆ. ಉಪ್ಪುಕಾಗದ ಉಜ್ಜಿದ ಹಾಗೆ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಅಂದಹಾಗೆ, ಬಲೆಯಂತೆ ಕಾಣುತ್ತದೆ ಎಂದರೆ ಸುತ್ತಿ ಸುತ್ತಿ ಒರೆಸಿದ್ದೇ ಕಾರಣ ಎಂದಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ, ಸೂರ್ಯನ ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಮಿಂಚುತ್ತವೆ.

ಮುಟ್ಟುವ ಮೊದಲೇ ಎಷ್ಟು ಮಣ್ಣು ಇಳಿಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನೆರಳಿಗೆ ನಿಲ್ಲಿಸಿ, ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಚಕ್ರಗಳನ್ನು ಮೊದಲೇ ಮುಗಿಸಿ, ಅದಕ್ಕೆ ಬೇರೆ ಬಕೆಟ್, ಬೇರೆ ಬ್ರಷ್. ಬ್ರೇಕಿನ ಪುಡಿಯಲ್ಲಿ ಕಬ್ಬಿಣದ ಕಣ ಇರುತ್ತದೆ, ಅದು ಬಾಗಿಲಿನವರೆಗೆ ಬರಬಾರದು. ಆಮೇಲೆ ರೂಫಿನಿಂದ ಕೆಳಕ್ಕೆ ಪೈಪಿನಲ್ಲಿ ಚೆನ್ನಾಗಿ ನೀರು ಬಿಡಿ. ಗಿಡಕ್ಕೆ ಔಷಧಿ ಹೊಡೆಯುವಂಥ ಕೈಪಂಪು (ಹೊಸದು, ಔಷಧಿ ಹಾಕಿದ್ದಲ್ಲ) ಇದ್ದರೆ ಶಾಂಪೂ ನೀರು ಸಿಂಪಡಿಸಿ 4–5 ನಿಮಿಷ ಬಿಡಿ, ಒಣಗುವ ಮೊದಲೇ ಮತ್ತೆ ತೊಳೆಯಿರಿ.

ಈಗ ಎರಡು ಬಕೆಟ್. ಒಂದರಲ್ಲಿ 10 ಲೀಟರ್ ನೀರಿಗೆ ಬಾಟಲಿಯಲ್ಲಿ ಹೇಳಿದಷ್ಟೇ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಸ್ಪಂಜು ಬೇಡ: ಅದರ ಚಪ್ಪಟೆ ಮುಖಕ್ಕೆ ಸಿಕ್ಕ ಮರಳು ಪೇಂಟಿಗೆ ಒತ್ತಿಕೊಂಡೇ ಸಾಗುತ್ತದೆ. ಮೈಕ್ರೋಫೈಬರ್ ಕೈಗವಸಿನ ಉದ್ದ ಎಳೆಗಳೊಳಗೆ ಕಣ ಸರಿದುಹೋಗುತ್ತದೆ. ಒತ್ತಬೇಡಿ, ಗವಸಿನ ಭಾರವೇ ಸಾಕು. ನೇರ ಗೆರೆಯಲ್ಲಿ ಎಳೆಯಿರಿ. ಒಂದೊಂದು ಭಾಗ ಆದಮೇಲೂ ಗವಸನ್ನು ಬರೀ ನೀರಲ್ಲಿ ಜಾಲಾಡಿ, ಹಿಂಡಿ, ಆಮೇಲೆ ಶಾಂಪೂ ಬಕೆಟ್‌ಗೆ. ಬರೀ ನೀರಿನ ಬಕೆಟ್ ತಳದಲ್ಲಿ ಜಾಲರಿ ಇದ್ದರೆ ಇಳಿದ ಮರಳು ಮೇಲೇಳುವುದಿಲ್ಲ. ರೂಫ್, ಗಾಜು, ಬಾನೆಟ್, ಬಾಗಿಲಿನ ಮೇಲರ್ಧ. ಕೆಳಭಾಗ ಮತ್ತು ಬಂಪರ್ ಕೊನೆಗೆ.

ಉತ್ತರ 2:
ಎರಡು ಬಕೆಟ್ ತಪ್ಪಲ್ಲ, ಆದರೆ ಗವಸಿನಲ್ಲಿ ಒಂದು ಕಣ ಉಳಿದರೂ ಅದೇ ಇಡೀ ಕಾರು ಸುತ್ತುತ್ತದೆ. ಇದಕ್ಕಿಂತ ಸುರಕ್ಷಿತ ಎಂದರೆ ಒಂದೇ ಬಕೆಟ್, ಒಳಗೆ 6–8 ಮೈಕ್ರೋಫೈಬರ್ ಬಟ್ಟೆ. ಒಂದನ್ನು ತೆಗೆದು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತವೆ. ಒಂದು ಮುಖ ಕೊಳೆಯಾದರೆ ಇನ್ನೊಂದಕ್ಕೆ ತಿರುಗಿಸಿ. ಬಳಸಿದ ಬಟ್ಟೆ ಮತ್ತೆ ಬಕೆಟ್‌ಗೆ ಹೋಗಕೂಡದು. ಅಂಚಿನ ಲೇಬಲ್ ಮೊದಲೇ ಕಿತ್ತುಹಾಕಿ, ಅದೂ ಗೀಚುತ್ತದೆ.

ಉತ್ತರ 3:
ಒಣಗಿಸುವಾಗಲೂ ಇದೇ ತಪ್ಪು ಆಗುತ್ತದೆ. ಕೊನೆಯ ಸಲ ನೀರು ಬಿಡುವಾಗ ಪೈಪಿನ ತುದಿಯ ನಳಿಕೆ ತೆಗೆದು, ರೂಫಿನಿಂದ ಸಿಂಪಡಿಸದೆ ಸುಮ್ಮನೆ ಹರಿಯಬಿಡಿ. ನೀರು ಹಾಳೆಯಂತೆ ಜಾರಿ ಹನಿಗಳನ್ನೂ ಎಳೆದೊಯ್ಯುತ್ತದೆ, ಒರೆಸಲು ಉಳಿಯುವುದು ಸ್ವಲ್ಪವೇ. ಮಿಕ್ಕಿದ್ದಕ್ಕೆ ದಪ್ಪ ಮೈಕ್ರೋಫೈಬರ್ ಟವೆಲ್ಲನ್ನು ಹಾಸಿ, ಮೆಲ್ಲಗೆ ತಟ್ಟಿ, ಎತ್ತಿ. ಟೀ ಶರ್ಟಿನ ಹೊಲಿಗೆ ಸಾಲು ಸಾಕು ಗೀರು ಬೀಳಲು. ತಾನೇ ಒಣಗಲಿ ಎಂದು ಬಿಟ್ಟರೆ ಗಡಸು ನೀರಿನ ಬಿಳಿ ಕಲೆ ಕೂರುತ್ತದೆ.

ಉತ್ತರ 4:
ವ್ಯಾಕ್ಸ್‌ಗೆ ಮುಂಚೆ ಒಂದು ಪರೀಕ್ಷೆ. ತೊಳೆದು ಒಣಗಿದ ಬಾನೆಟ್ ಮೇಲೆ, ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬೆರಳ ತುದಿ ಹಗುರವಾಗಿ ಸವರಿ. ತರಿತರಿ ಎನಿಸಿದರೆ ಅಂಟಿದ ಕೊಳೆ ಇನ್ನೂ ಇದೆ, ಕ್ಲೇ ಬಾರ್ (ಕೊಳೆ ಎತ್ತಿಕೊಳ್ಳುವ ಮೆತ್ತನೆಯ ಜೇಡಿಯಂಥ ತುಂಡು) ಬೇಕು. ಕ್ಲೇ ಒಣಗಿದ ಪೇಂಟ್ ಮುಟ್ಟಬಾರದು. ಲ್ಯೂಬ್ರಿಕಂಟ್ (ಜಾರುವಂತೆ ಮಾಡುವ ದ್ರವ) ಧಾರಾಳವಾಗಿ ಸಿಂಪಡಿಸುತ್ತಿರಿ, ಆಗಾಗ ನಾದಿ ಹೊಸ ಮುಖ ಮಾಡಿ. ನೆಲಕ್ಕೆ ಬಿದ್ದ ತುಂಡು ಕಸಕ್ಕೇ.

ವ್ಯಾಕ್ಸ್ ದಪ್ಪ ಬಳಿದರೆ ಹೊಳಪು ಹೆಚ್ಚುವುದಿಲ್ಲ, ಉಜ್ಜಾಟ ಹೆಚ್ಚುತ್ತದೆ. ಪ್ಯಾಡಿನಲ್ಲಿ ಬೆರಳ ತುದಿಯಷ್ಟು ತೆಗೆದುಕೊಂಡು ಅರ್ಧ ಬಾನೆಟ್‌ಗೆ ಹರಡಿ. ಕಂಡೂ ಕಾಣದಂಥ ಮಂಜು ಸಾಕು. 5–10 ನಿಮಿಷ ಬಿಟ್ಟು ಬೆರಳಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಂದರೆ ಒರೆಸುವ ಹೊತ್ತು, ಅಂಟಂಟಾಗಿ ಮಸುಕಾದರೆ ಇನ್ನೂ ಕಾಯಿರಿ. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೆ ಮೊದಲೇ ಟೇಪ್ ಅಂಟಿಸಿ, ವ್ಯಾಕ್ಸ್ ತಗುಲಿದರೆ ಬಿಳಿಚಿಕೊಂಡು ಸುಲಭಕ್ಕೆ ಹೋಗುವುದಿಲ್ಲ. ಮ್ಯಾಟ್ (ಹೊಳಪಿಲ್ಲದ) ಪೇಂಟಿಗೆ ಇದ್ಯಾವುದೂ ಬೇಡ.

ಪ್ರಶ್ನೆ ಕೇಳಿದವರು:
ಈಗಾಗಲೇ ಬಿದ್ದ ಗೀರು ವ್ಯಾಕ್ಸ್‌ನಲ್ಲಿ ಹೋಗುತ್ತದೆಯೇ? ಪಾತ್ರೆ ಲಿಕ್ವಿಡ್‌ನಿಂದ ಏನು ತೊಂದರೆ?

ಉತ್ತರ 4:
ಹೋಗುವುದಿಲ್ಲ, ಕೆಲ ವಾರ ಮುಚ್ಚಿಕೊಳ್ಳುತ್ತದೆ, ಅಷ್ಟೆ. ಉಗುರು ಆಡಿಸಿ ನೋಡಿ. ಉಗುರಿಗೆ ಸಿಗದ ಗೀರು ಪಾಲಿಶ್‌ಗೆ ಹೋಗುತ್ತದೆ. ಸಿಕ್ಕಿಕೊಳ್ಳುವಷ್ಟು ಆಳ ಇದ್ದರೆ ಪಾಲಿಶ್ ಮಾಡಿಯೂ ಪೂರ್ತಿ ಹೋಗಲಿಕ್ಕಿಲ್ಲ. ಎಲ್ಲಕ್ಕಿಂತ ನಯವಾದ ಪಾಲಿಶ್‌ನಿಂದ ಶುರುಮಾಡಿ, ಒಂದಡಿ ಜಾಗದಲ್ಲಿ ಮೊದಲು ನೋಡಿ. ಪ್ರತಿ ಪಾಲಿಶ್‌ಗೂ ಕ್ಲಿಯರ್ ಕೋಟ್ ಅಷ್ಟಿಷ್ಟು ಸವೆಯುತ್ತದೆ, ಆದ್ದರಿಂದ ರಬ್ಬಿಂಗ್ ಕಾಂಪೌಂಡ್ (ಒರಟು ಪಾಲಿಶ್) ವರ್ಷವರ್ಷ ತಿಕ್ಕಿಸುವ ಚಟ ಬೇಡ. ಪಾತ್ರೆ ಲಿಕ್ವಿಡ್ ಜಿಡ್ಡು ತೆಗೆಯಲೆಂದೇ ಇರುವುದು. ವ್ಯಾಕ್ಸ್ ಕೂಡ ಅದಕ್ಕೆ ಜಿಡ್ಡೇ.

ಉತ್ತರ 2:
ಬಟ್ಟೆಗಳನ್ನು ಒಗೆಯುವ ವಿಷಯ ಯಾರೂ ಹೇಳಲಿಲ್ಲ. ಮೈಕ್ರೋಫೈಬರನ್ನು ಹತ್ತಿ ಬಟ್ಟೆ ಜೊತೆ ಒಗೆಯಬೇಡಿ, ನೂಲು ಅಂಟುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಎಳೆಗೆ ಲೇಪ ಕೂತು ನೀರೇ ಹೀರುವುದಿಲ್ಲ. ನೆಲಕ್ಕೆ ಬಿದ್ದದ್ದನ್ನು ಒಗೆದ ಮೇಲೂ ಪೇಂಟಿಗೆ ತರಬೇಡಿ, ಚಕ್ರಕ್ಕೆ ಇಟ್ಟುಕೊಳ್ಳಿ.